ನೆಗ್ಗಿದ ಕಾರು, ರೈಲು ಕಂಬಿಯ ತುಂಡು: ಡೆಂಟ್ ತೆಗೆಯುವ ಸಲಕರಣೆಗಳ ಕಥೆ

ಯಾರೋ ಬೈಕಿನವನು ಕಾರಿನ ಬಾಗಿಲಿಗೆ ತಾಗಿಸಿ ಹೋದರೆ ನಾವು ಹುಡುಕಿಕೊಂಡು ಹೋಗೋದು ಟಿಂಕರಿಂಗ್ ಶಾಪನ್ನು. ಈ ಪದವನ್ನೇ ಸ್ವಲ್ಪ ಗಮನಿಸಿ. ಇಂಗ್ಲಿಷಿನಲ್ಲಿ ಟಿಂಕರ್ ಅಂದ್ರೆ ಊರೂರು ತಿರುಗಿ ತೂತುಬಿದ್ದ ಪಾತ್ರೆ ಸರಿಮಾಡುತ್ತಿದ್ದವನು. ಬ್ರಿಟನ್ನಿನಲ್ಲಿ ಕಾರಿನ ತಗಡು ಬಡಿಯುವವನಿಗೆ ಪ್ಯಾನೆಲ್ ಬೀಟರ್ ಅಂತಾರೆ. ನಮ್ಮ ಗ್ಯಾರೇಜುಗಳಲ್ಲಿ ಪಾತ್ರೆ ರಿಪೇರಿಯವನ ಹೆಸರೇ ನಿಂತುಬಿಟ್ಟಿತು. ಅದೇನೂ ತಪ್ಪಲ್ಲ ಬಿಡಿ. ಈ ಕಸುಬಿನ ಸುತ್ತಿಗೆಗಳು ಬಂದಿದ್ದೇ ಪಾತ್ರೆ ಬಡಿಯುವವರಿಂದ, ಕಮ್ಮಾರರಿಂದ, ಸಾರೋಟು ಕಟ್ಟುವವರಿಂದ.

ಮೊದಮೊದಲ ಕಾರುಗಳ ಮೈ ಅಂದ್ರೆ ಮರದ ಚೌಕಟ್ಟು, ಅದರ ಮೇಲೆ ತಗಡು. ಪೆಟ್ಟುಬಿದ್ದರೆ ಬಡಗಿಯೂ ಬೇಕು, ತಗಡಿನವನೂ ಬೇಕು. ಇದನ್ನು ಬದಲಿಸಿದವರಲ್ಲಿ ಮುಖ್ಯರು ಫಿಲಡೆಲ್ಫಿಯಾದ ಎಡ್ವರ್ಡ್ ಬಡ್. 1912ರಲ್ಲಿ ಅವರು ಶುರುಮಾಡಿದ ಕಂಪನಿ ಉಕ್ಕಿನ ಹಾಳೆಗಳನ್ನು ಪ್ರೆಸ್‌ನಲ್ಲಿ ಒತ್ತಿ, ಬೆಸೆದು, ಕಾರಿನ ಮೈ ಮಾಡಿತು. 1914ರಲ್ಲಿ ಡಾಡ್ಜ್ ಸಹೋದರರು ಅದನ್ನು ತಮ್ಮ ಕಾರಿಗೆ ತೆಗೆದುಕೊಂಡರು. 1935ರ ಮಾದರಿಗಳ ಹೊತ್ತಿಗೆ ಜನರಲ್ ಮೋಟಾರ್ಸ್ ಚಾವಣಿಯನ್ನೂ ಉಕ್ಕಿನಲ್ಲೇ ಒತ್ತಿ ‘ಟರೆಟ್ ಟಾಪ್’ ಅಂತ ಮಾರಿತು. ಉಬ್ಬಿದ ಮಡ್‌ಗಾರ್ಡು, ದುಂಡನೆಯ ಬೆನ್ನು. ಇಂಥ ಮೈ ನೆಗ್ಗಿದರೆ ಪಾತ್ರೆಯವನ ಒಂದು ಸುತ್ತಿಗೆ ಎಲ್ಲಿ ಸಾಕಾಗುತ್ತೆ?

ಕ್ಲೀವ್‌ಲ್ಯಾಂಡಿನ ಫೇರ್‌ಮೌಂಟ್‌ನಂಥ ಕಂಪನಿಗಳು ಈ ಕೆಲಸಕ್ಕೇ ಅಂತ ಸುತ್ತಿಗೆ, ಡಾಲಿ, ಸ್ಪೂನ್‌ಗಳನ್ನು ಮಾಡಿ ಮಾರಿದವು. ಡಾಲಿ ಅಂದ್ರೆ ಇಲ್ಲಿ ಗೊಂಬೆಯಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಉಕ್ಕಿನ ಗಟ್ಟಿ, ತಗಡಿನ ಹಿಂದೆ ಒತ್ತಿ ಹಿಡಿಯುವ ಪುಟ್ಟ ಅಡಿಗಲ್ಲು. 1939ರಲ್ಲಿ ಇದೇ ಫೇರ್‌ಮೌಂಟ್, ಫ್ರಾಂಕ್ ಸಾರ್ಜೆಂಟ್ ಬರೆದ ‘ದ ಕೀ ಟು ಮೆಟಲ್ ಬಂಪಿಂಗ್’ ಅನ್ನುವ ಪುಸ್ತಕ ತಂದಿತು. ಸುತ್ತಿಗೆ ಮಾರುವವರ ಪುಸ್ತಕ. ಆದರೆ ಅದು ಕಲಿಸಿದ್ದು ಸಿಕ್ಕಾಪಟ್ಟೆ ಬಡಿಯಬಾರದು ಅನ್ನೋದನ್ನ! ತಗಡು ಯಾವ ಕ್ರಮದಲ್ಲಿ ನೆಗ್ಗಿತೋ ಅದರ ತಿರುವುಮುರುವು ಕ್ರಮದಲ್ಲಿ ಬಿಡಿಸಬೇಕು. ಕೊನೆಗೆ ಎದ್ದ ಉಬ್ಬನ್ನು ಮೊದಲು ಇಳಿಸಬೇಕು. ಯಾಕಂದ್ರೆ ಉಕ್ಕು ಮಡಚಿಕೊಂಡ ಕಡೆ ಗಡುಸಾಗುತ್ತೆ. ನಡುವಿನ ತಗ್ಗನ್ನು ಕೆಳಗೇ ಹಿಡಿದಿಟ್ಟಿರೋದು ಸುತ್ತಲಿನ ಆ ಗಡುಸು ಉಬ್ಬುಗಳು. ತಗ್ಗಿನ ಕೆಳಗೆ ಡಾಲಿ ಒತ್ತಿ ಹಿಡಿದು, ಪಕ್ಕದ ಉಬ್ಬಿಗೆ ಹಗುರಾಗಿ ಬಡಿದರೆ ಒಂದು ಇಳಿಯುತ್ತೆ, ಇನ್ನೊಂದು ಏಳುತ್ತೆ. ಅದರ ಬದಲು ಡಾಲಿಯ ಮೇಲೇ ಜೋರಾಗಿ ಬಡಿಯುತ್ತಾ ಹೋದರೆ ನಡುವೆ ಸಿಕ್ಕ ತಗಡು ಚಪಾತಿ ಲಟ್ಟಿಸಿದ ಹಾಗೆ ತೆಳುವಾಗಿ ಹಿಗ್ಗುತ್ತೆ. ಹಿಗ್ಗಿದ್ದನ್ನು ಮತ್ತೆ ಕುಗ್ಗಿಸಬೇಕು ಅಂದ್ರೆ ಕಾಯಿಸಬೇಕು, ಅದು ಇನ್ನೊಂದು ರಾಮಾಯಣ.

ಸರಿ, ಯಾವ ಡಾಲಿ ಹಿಡಿಯೋದು? ತಗಡಿನ ಬಾಗಿಗಿಂತ ಒಂದು ಚೂರು ಹೆಚ್ಚು ಬಾಗಿರುವುದನ್ನು. ದುಂಡನೆಯ ಮಡ್‌ಗಾರ್ಡಿನೊಳಗೆ ಚಪ್ಪಟೆ ಡಾಲಿ ಹಿಡಿದರೆ ಅದರ ಅಂಚೇ ಹೊಸ ಡೆಂಟ್ ಮಾಡುತ್ತೆ. ಉಬ್ಬಿದ ಮೈಗೆ ಚಪ್ಪಟೆ ಮುಖದ ಸುತ್ತಿಗೆ, ಒಳಬಾಗಿದ ಮೈಗೆ ಉಬ್ಬು ಮುಖದ್ದು. ಆ ಮುಖವೂ ನಯವಾಗಿರಬೇಕು. ಅದರ ಮೇಲೊಂದು ಗೀರಿದ್ದರೆ ಪ್ರತಿ ಏಟಿಗೂ ತಗಡಿನ ಮೇಲೆ ಅಚ್ಚಾಗುತ್ತೆ. ಒಳ್ಳೆ ಟಿಂಕರ್ ತನ್ನ ಸುತ್ತಿಗೆಯನ್ನು ಮೊಳೆ ಹೊಡೆಯೋಕೆ ಕೊಡದೇ ಇರೋದು ಜಿಪುಣತನದಿಂದಲ್ಲ.

ಡಾಲಿಗಳಲ್ಲಿ ಒಂದಕ್ಕೆ ಅಮೆರಿಕದಲ್ಲಿ ‘ರೈಲ್‌ರೋಡ್ ಡಾಲಿ’ ಅಂತಲೇ ಹೆಸರು, ನೋಡೋಕೆ ರೈಲು ಕಂಬಿಯ ತುಂಡಿನಂತಿರೋದ್ರಿಂದ. ನಮ್ಮಲ್ಲಿ ಅದು ಬರೀ ಹೋಲಿಕೆಯಲ್ಲ, ಕಂಬಿಯ ತುಂಡನ್ನೇ ಉಜ್ಜಿ ಡಾಲಿ ಮಾಡಿಕೊಂಡವರಿದ್ದಾರೆ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಕೈ ಹೋಗದ ಸಂದಿಗೆ ಸ್ಪೂನ್ ಮಾಡಿಕೊಳ್ಳುತ್ತಾರೆ. ಅದೇ ಪಟ್ಟಿಯನ್ನು ಹಿಡಿಕೆಯ ಹತ್ತಿರ ಬಗ್ಗಿಸಿದರೆ ತಟ್ಟುವ ಸಲಕರಣೆ; ಮುಖ ಅಗಲವಾಗಿರೋದ್ರಿಂದ ಏಟು ಹರಡಿಕೊಳ್ಳುತ್ತೆ, ತಗಡು ಹಿಗ್ಗೋದು ಕಡಿಮೆ. ನನ್ನ ಕೇಳಿದರೆ ಪೆಟ್ಟಿಗೆ ತುಂಬ ಅಗ್ಗದ ಸೆಟ್ಟಿಗಿಂತ ಇಂಥ ಮೂರು ತುಂಡು ಮೇಲು. ಒಂದು ಎಚ್ಚರ: ಸ್ಪ್ರಿಂಗ್ ಪಟ್ಟಿಯನ್ನು ಕೆಂಪಗೆ ಕಾಯಿಸಿದರೆ ಅದರ ಹದ ಹೋಗುತ್ತೆ, ಮತ್ತೆ ಹದ ಕೊಡಬೇಕು. ಹಾಗೇ ಸುತ್ತಿಗೆಯಿಂದ ಸುತ್ತಿಗೆಗೆ ಹೊಡೆಯಲೇಬೇಡಿ. ಗಡುಸು ಉಕ್ಕಿನ ಚೂರು ಸಿಡಿದರೆ ಕಣ್ಣೇ ಹೋಗಬಹುದು.

ಇಷ್ಟೆಲ್ಲ ಜಾಣತನವನ್ನು ಮೂಲೆಗೆ ತಳ್ಳಿದ್ದು ಪುಟ್ಟಿ. ಮೊದಲು ಉಳಿದ ತಗ್ಗುಗಳಿಗೆ ಸೀಸ ಕರಗಿಸಿ, ಮರದ ಹಲಗೆಯಿಂದ ಸವರುತ್ತಿದ್ದರು. ಅದು ವಿಷ, ಜತೆಗೆ ಕೈ ಪಳಗಿದವರಿಗೇ ಕಷ್ಟದ ಕೆಲಸ. 1950ರ ದಶಕದಲ್ಲಿ ಅಮೆರಿಕದಲ್ಲಿ ಬಾಂಡೋ ಥರದ ಪ್ಲಾಸ್ಟಿಕ್ ಫಿಲ್ಲರ್ ಬಂದ ಮೇಲೆ ಕಥೆಯೇ ಬದಲಾಯಿತು. ತಗಡಿಗೆ ತೂತು ಕೊರೆದು, ಕೊಕ್ಕೆ ಹಾಕಿ ಎಳೆದು, ಮೇಲೆ ಬಳಿದು, ಉಜ್ಜಿದರೆ ಮುಗೀತು. ಗ್ರಾಹಕನಿಗೆ ಕಾಣೋದು ಹೊಳೆಯುವ ಪೇಂಟ್ ಮಾತ್ರ. ಆದರೆ ಆ ತೂತುಗಳ ಹಿಂದಿನಿಂದ ತೇವ ಸೇರಿ, ಪುಟ್ಟಿಯ ಕೆಳಗೇ ತುಕ್ಕು ಹಿಡಿದು, ಒಂದೆರಡು ಮಳೆಗಾಲ ಕಳೆಯೋದ್ರಲ್ಲಿ ಗುಳ್ಳೆ ಏಳುತ್ತೆ.

ಎಲ್ಲಾ ತಪ್ಪನ್ನೂ ಟಿಂಕರ್ ಮೇಲೆ ಹಾಕೋದೂ ನ್ಯಾಯವಲ್ಲ. ಅಂಬಾಸಿಡರ್ ಮಡ್‌ಗಾರ್ಡಿನೊಳಗೆ ಡಾಲಿ ಹಿಡಿದ ಕೈ ಆರಾಮಾಗಿ ಹೋಗುತ್ತಿತ್ತು. 1983ರಲ್ಲಿ ಮಾರುತಿ 800 ಬಂದಮೇಲೆ ತಗಡು ತೆಳುವಾಯಿತು. ಮುಂದೆ ಬಂದ ಕಾರುಗಳಲ್ಲಿ ಎರಡು ಪದರದ ಮುಚ್ಚಿದ ಭಾಗಗಳು ಹೆಚ್ಚಾದವು. ಹಿಂದಿನಿಂದ ಕೈಯೇ ಹೋಗದ ಮೇಲೆ ಡಾಲಿ ಹಿಡಿಯೋದೆಲ್ಲಿ? ಇನ್ಶೂರೆನ್ಸ್ ಇದ್ದರೆ ಬಾಗಿಲನ್ನೇ ಬದಲಿಸಿಬಿಡೋದು ಸುಲಭ.

ಮುಚ್ಚಿದ ಆ ಸಂದಿಯೊಳಗೂ ದಾರಿ ಹುಡುಕಿದವರಿದ್ದಾರೆ. 1960ರಲ್ಲಿ ನ್ಯೂಯಾರ್ಕಿನ ಕಾರು ಪ್ರದರ್ಶನದಲ್ಲಿ ಮರ್ಸಿಡಿಸ್‌ನ ಆಸ್ಕರ್ ಫ್ಲೈಗ್ ಅನ್ನುವವರು, ಜನ ಮುಟ್ಟಿ ಮುಟ್ಟಿ ಮಾಡಿದ ಸಣ್ಣ ಡೆಂಟ್‌ಗಳನ್ನು ಒಳಗಿನಿಂದ ಸುತ್ತಿಗೆಯ ಹಿಡಿಕೆಯಲ್ಲಿ ಒತ್ತಿ ತೆಗೆದರಂತೆ. ಪೇಂಟ್ ಕೆಡದ ಹಾಗೆ ಡೆಂಟ್ ತೆಗೆಯುವ ಪಿಡಿಆರ್ ಕೆಲಸ ಅಲ್ಲಿಂದಲೇ ಶುರುವಾಯಿತು ಅಂತ ಕಸುಬಿನವರು ಹೇಳುತ್ತಾರೆ. ಈಗ ಹಿಡಿಕೆಯ ಜಾಗಕ್ಕೆ ಉದ್ದನೆಯ ಉಕ್ಕಿನ ಸರಳುಗಳು ಬಂದಿವೆ. ಗಾಜು ಇಳಿಯುವ ಸಂದಿಯಿಂದ ಸರಳು ತೂರಿಸಿ, ಪೇಂಟಿನ ಮೇಲೆ ಬಿದ್ದ ಟ್ಯೂಬ್‌ಲೈಟಿನ ಗೆರೆ ನೆಟ್ಟಗಾಗುವ ತನಕ ಚೂರು ಚೂರೇ ಒತ್ತುತ್ತಾರೆ.