ಕಾಂಟಿಕಿಯ ಮೂಲ: ಯುಐಪಿಯ ಒಂಟಿ ಬಫರ್ ನುಡಿಯುವ ಸಾಕ್ಷ್ಯ

ಅಂತರ್ಜಾಲಕ್ಕೆ ಜೋಡಿಸಬಹುದಾದ ಪುಟ್ಟ ಸಾಧನಗಳಿಗಾಗಿ ರೂಪುಗೊಂಡ ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ ಸಮೀಕ್ಷೆಗಳಲ್ಲಿ ಕಾಂಟಿಕಿಯ ಚರಿತ್ರೆ ಸಾಮಾನ್ಯವಾಗಿ 2004ರಿಂದ ತೊಡಗುತ್ತದೆ. ಆ ವರ್ಷ ಸ್ವೀಡನ್ನಿನ ಆಡಮ್ ಡಂಕೆಲ್ಸ್ ಮತ್ತು ಸಂಗಡಿಗರು ಸಂವೇದಕ ಜಾಲಗಳನ್ನು ಕುರಿತು ಮಂಡಿಸಿದ ಪ್ರಬಂಧವನ್ನೇ ಮೂಲವೆಂದು ಹಿಡಿದವರು, ಘಟನೆಯೊಂದು ಒದಗಿದಾಗ ಮಾತ್ರ ಎಚ್ಚೆತ್ತು ಕೆಲಸ ಮುಗಿಸಿ ಸುಮ್ಮನಾಗುವ ಅದರ ಘಟನಾಚಾಲಿತ ಕರ್ನಲ್ (ವ್ಯವಸ್ಥೆಯ ತಿರುಳು) ಬ್ಯಾಟರಿ ಉಳಿಸಲೆಂದೇ ಹುಟ್ಟಿತೆಂದು ವ್ಯಾಖ್ಯಾನಿಸುತ್ತಾರೆ. ಕಾಲಕ್ರಮ ಈ ವ್ಯಾಖ್ಯಾನವನ್ನು ಒಪ್ಪುವುದಿಲ್ಲ.

ಕಾಂಟಿಕಿಯ ಮೊದಲ ಆವೃತ್ತಿ ಹೊರಬಂದದ್ದು 2003ರ ಮಾರ್ಚ್‌ನಲ್ಲಿ, 64 ಕಿಲೋಬೈಟ್ ಮೆಮೊರಿಯ ಕಮೊಡೋರ್ 64 ಎಂಬ ಹಳೆಯ ಮನೆಬಳಕೆಯ ಕಂಪ್ಯೂಟರಿಗಾಗಿ. ಅದರಲ್ಲಿ ಬ್ರೌಸರ್ ಇತ್ತು, ವೆಬ್ ಸರ್ವರ್ ಇತ್ತು. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಪಡೆಯುವ ಯಂತ್ರಕ್ಕೆ ಬ್ಯಾಟರಿಯ ಚಿಂತೆ ಇರಲು ಸಾಧ್ಯವಿಲ್ಲ; ಆದರೂ ಕರ್ನಲ್ ಆಗಲೇ ಘಟನಾಚಾಲಿತವಾಗಿತ್ತು. 2004ರ ಪ್ರಬಂಧವಾದರೂ ಈ ವಿನ್ಯಾಸಕ್ಕೆ ಮುಖ್ಯವಾಗಿ ಮೆಮೊರಿಯ ಕಾರಣವನ್ನೇ ಕೊಡುತ್ತದೆ: ಪ್ರತಿ ಥ್ರೆಡ್‌ಗೂ, ಅಂದರೆ ಸ್ವತಂತ್ರವಾಗಿ ಓಡುವ ಕಾರ್ಯಸರಣಿಗೂ, ಸ್ಟ್ಯಾಕ್ ಎಂಬ ಪ್ರತ್ಯೇಕ ಮೆಮೊರಿಯನ್ನು ಮೀಸಲಿಡುವುದು ಇಂಥ ಸಾಧನಗಳಿಗೆ ಭರಿಸಲಾಗದ ವೆಚ್ಚ. ಆಕರವನ್ನು ಉಲ್ಲೇಖಿಸಿಯೂ ಅದರ ವಾದವನ್ನು ಗಮನಿಸದಿರುವುದು ಸಮೀಕ್ಷಕರ ಅಕ್ಷಮ್ಯ ಲೋಪ.

ನಿಜವಾದ ಮೂಲ ಇನ್ನೂ ಹಿಂದಿನ ಯುಐಪಿಯಲ್ಲಿದೆ. ಡಂಕೆಲ್ಸ್ ಬರೆದ ಈ ಟಿಸಿಪಿ/ಐಪಿ ತಂತ್ರಾಂಶವನ್ನು, ಅಂದರೆ ಅಂತರ್ಜಾಲದ ಸಂವಹನ ನಿಯಮಗಳ ಅಳವಡಿಕೆಯನ್ನು, ವಿವರಿಸುವ 2003ರ ಪ್ರಬಂಧ ಕರ್ನಲ್‌ನ ಚರ್ಚೆಗಳಲ್ಲಿ ಕಡೆಗಣಿತವಾಗಿದೆ. ವಾಡಿಕೆಯ ಟಿಸಿಪಿ, ಕಳಿಸಿದ ದತ್ತಾಂಶ ತಲುಪಿತೆಂಬ ಸ್ವೀಕೃತಿ ಬರುವವರೆಗೆ ಅದರ ಪ್ರತಿಯನ್ನು ಕಾದಿಡುತ್ತದೆ. ಯುಐಪಿಯಲ್ಲಿ ಹೋಗುವ, ಬರುವ ಎಲ್ಲ ಪ್ಯಾಕೆಟ್‌ಗಳಿಗೂ ಒಂದೇ ಬಫರ್, ಅಂದರೆ ತಾತ್ಕಾಲಿಕ ಸಂಗ್ರಹಸ್ಥಳ. ಪ್ರತಿ ಇಡಲು ಅಲ್ಲಿ ಜಾಗವೇ ಇಲ್ಲ. ಪ್ಯಾಕೆಟ್ ಕಳೆದುಹೋದರೆ ಯುಐಪಿಯು ಅಪ್ಲಿಕೇಶನ್ನಿನ ಫಂಕ್ಷನ್ನನ್ನು ಕರೆದು, ಅದೇ ದತ್ತಾಂಶವನ್ನು ಮತ್ತೆ ಸಿದ್ಧಪಡಿಸಿಕೊಡುವಂತೆ ಕೇಳುತ್ತದೆ. ಹೀಗಾಗಿ ಅಪ್ಲಿಕೇಶನ್ ತನ್ನ ಇಚ್ಛೆಯಂತೆ ಓಡುವ ಕ್ರಮವಿಧಿಯಾಗಿ ಉಳಿಯದೆ, ಕರೆದಾಗ ಉತ್ತರಿಸಿ ಹಿಂತಿರುಗುವ ಫಂಕ್ಷನ್ ಆಗಲೇಬೇಕಾಯಿತು; ಘಟನಾಚಾಲಿತ ಕರ್ನಲ್‌ನ ರೀತಿಯೂ ಇದೇ. ಆರಂಭಿಕ ಕಾಂಟಿಕಿಯಲ್ಲಿ ಪ್ರತಿ ಪ್ರಕ್ರಿಯೆಯನ್ನು ವಿವರಿಸುವ ದತ್ತಾಂಶ ರಚನೆಯಲ್ಲಿ ಯುಐಪಿ ಕರೆಯಬೇಕಾದ ಫಂಕ್ಷನ್‌ಗೆಂದೇ ಪ್ರತ್ಯೇಕ ಸ್ಥಾನವಿದ್ದುದು ಈ ಸಂಬಂಧಕ್ಕೆ ಬಲವಾದ ಸಾಕ್ಷ್ಯ. ಕರ್ನಲ್‌ಗೆ ಜಾಲವನ್ನು ಆಮೇಲೆ ಸೇರಿಸಿದ್ದಲ್ಲ. ಜಾಲದ ಅಗತ್ಯವೇ ಕರ್ನಲ್‌ನ ರೂಪವನ್ನು ನಿರ್ಧರಿಸಿತು.

ಒಂದು ಆಕ್ಷೇಪವನ್ನು ಪರಿಗಣಿಸಲೇಬೇಕು. ಸಂವೇದಕಗಳಂಥ ಸಾಧನಗಳು ಡಂಕೆಲ್ಸ್‌ರ 2001ರ ಪ್ರೌಢಪ್ರಬಂಧದಲ್ಲೇ ಬರುತ್ತವೆ; ಹಾಗಾದರೆ ಮೂಲ ಪ್ರೇರಣೆ ಸಂವೇದಕಗಳೇ ಅಲ್ಲವೇ ಎಂದು ಕೇಳಬಹುದು. ಆದರೆ ಅಲ್ಲಿ ಸೂಚಿಸಿದ ಪರಿಹಾರವೇ ಬೇರೆ: ಸಾಧನದ ಹೊರೆಯನ್ನು ಪ್ರಾಕ್ಸಿ ಎಂಬ ನಡುವಿನ ಕಂಪ್ಯೂಟರಿಗೆ ವರ್ಗಾಯಿಸುವುದು. ಮಧ್ಯವರ್ತಿಯಿಲ್ಲದೆ, ಕೆಲವು ನೂರು ಬೈಟ್‌ಗಳ ಮೆಮೊರಿಯಲ್ಲಿ ಪುಟ್ಟ ಸಾಧನವೇ ನೇರವಾಗಿ ಅಂತರ್ಜಾಲದ ಸದಸ್ಯನಾಗಬಲ್ಲದೆಂದು ತೋರಿಸಿದ್ದು ಯುಐಪಿ. ಥ್ರೆಡ್‌ಗಳಂತೆ ಬರೆದ ಕ್ರಮವಿಧಿಯನ್ನು ಪ್ರತ್ಯೇಕ ಸ್ಟ್ಯಾಕ್ ಇಲ್ಲದೆ ಓಡಿಸುವ ಪ್ರೋಟೋಥ್ರೆಡ್‌ಗಳು ಮುಂದೆ ಬಂದದ್ದು ಕೂಡ ಘಟನಾಚಾಲಿತ ಬರವಣಿಗೆಯ ತೊಡಕನ್ನು ಬಿಡಿಸಲು. ಅಂತರ್ಜಾಲ ನಿಯಮದ ಹೊಸ ಆವೃತ್ತಿಯಾದ ಐಪಿವಿ6ರ ಅಳವಡಿಕೆ 2008ರಲ್ಲಿ ಕಾಂಟಿಕಿಗೆ ಸೇರಿದ್ದು, ಸಾಧನವನ್ನು ನೇರವಾಗಿ ಅಂತರ್ಜಾಲಕ್ಕೆ ಜೋಡಿಸುವ ಇದೇ ದಾರಿಯ ಮುಂದುವರಿಕೆ. ಆದ್ದರಿಂದ ಕಾಂಟಿಕಿಯ ವಂಶಾವಳಿಯಲ್ಲಿ ಮೊದಲ ಸ್ಥಾನ ಯುಐಪಿಗೆ, ಎರಡನೆಯದು 2003ರ ಕಮೊಡೋರ್ ಆವೃತ್ತಿಗೆ ಸಲ್ಲಬೇಕು. 2004ರ ಪ್ರಬಂಧ ಅವೆರಡರ ನಂತರದ್ದು.