ಮುಂಗಾಲಿಯ ಕೀಲು ಮತ್ತು ಅದರ ರಬ್ಬರ್ ಬೂಟ್

ಮುಂದಿನ ಗಾಲಿಗಳ ಎಳೆತದಿಂದ ಓಡುವ ಕಾರಿನಲ್ಲಿ ಎಂಜಿನ್ನಿನ ಶಕ್ತಿ ಗಾಲಿಗೆ ತಲುಪುವುದು ಡ್ರೈವ್ ಶಾಫ್ಟ್‌ನ ಎರಡೂ ತುದಿಗಳಲ್ಲಿರುವ ಕೀಲುಗಳ ಮೂಲಕ. ಗ್ಯಾರೇಜಿನವರು ಸಿವಿ ಜಾಯಿಂಟ್ ಎನ್ನುವ ಈ ಉಕ್ಕಿನ ಕೀಲು ಬಾಗಿದ ಸ್ಥಿತಿಯಲ್ಲೇ ತಿರುಗುತ್ತಿರಬೇಕು. ಒಳಗಿನ ಗ್ರೀಸ್ ಹೊರಬರಬಾರದು, ಹೊರಗಿನ ಧೂಳು, ನೀರು ಒಳಹೋಗಬಾರದು. ಆ ಕಾವಲು ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿರುವ ರಬ್ಬರ್ ಬೂಟಿನದು. ಕೀಲನ್ನು ರೂಪಿಸಿದವರ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಆದರೆ ಆ ಕೀಲು ಸಾಮಾನ್ಯರ ಕಾರಿನಲ್ಲಿ ಬಾಳಿಕೆ ಬರಲು ಬೂಟೂ ಅಷ್ಟೇ ಕಾರಣ.

17ನೇ ಶತಮಾನದಲ್ಲಿ ರಾಬರ್ಟ್ ಹುಕ್ ವಿವರಿಸಿದ ಶಿಲುಬೆಯಾಕಾರದ ಕೀಲಿಗೆ ಒಂದು ದೋಷವಿತ್ತು. ಅದು ಬಾಗಿದಾಗ ಆಚೆಯ ದಂಡ ಒಂದು ಸುತ್ತಿನಲ್ಲಿ ಎರಡು ಸಲ ವೇಗ ಪಡೆದು ಎರಡು ಸಲ ನಿಧಾನವಾಗುತ್ತಿತ್ತು. ಹಿಂದಿನ ಗಾಲಿಗಳಿಂದ ಓಡುವ ಕಾರುಗಳಲ್ಲಿ ಬಾಗು ಕಡಿಮೆಯಾದ್ದರಿಂದ ಇದು ಬಾಧಿಸಲಿಲ್ಲ. ಸ್ಟಿಯರಿಂಗ್ ಜೊತೆಗೆ ತಿರುಗುವ ಮುಂಗಾಲಿಯಲ್ಲಿ ಮಾತ್ರ ಜಗ್ಗಾಟ ತಪ್ಪುತ್ತಿರಲಿಲ್ಲ. 1920ರ ದಶಕದಲ್ಲಿ ಇದಕ್ಕೆ ಎರಡು ಪರಿಹಾರಗಳು ಬಂದವು. ಫ್ರಾನ್ಸಿನಲ್ಲಿ ಜಾನ್ ಆಲ್ಬರ್ ಗ್ರೆಗ್ವಾರ್ ಮತ್ತು ಪಿಯರ್ ಫೆನಾಯ್ ‘ಟ್ರಾಕ್ಟಾ’ ಕೀಲನ್ನು ತಂದರು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರೆಪ್ಪಾ ಆರು ಉಕ್ಕಿನ ಗುಂಡುಗಳ ಕೀಲನ್ನು ರೂಪಿಸಿದರು. ಕೀಲು ಎಷ್ಟೇ ಬಾಗಲಿ, ಗುಂಡುಗಳು ಆ ಕೋನದ ನಟ್ಟನಡುವಿನ ಸಮತಲದಲ್ಲೇ ನಿಲ್ಲುವುದರಿಂದ ಎರಡು ಬದಿಯ ವೇಗವೂ ಒಂದೇ ಇರುತ್ತದೆ. ಇಂದಿನ ಬಹುಪಾಲು ಕಾರುಗಳಲ್ಲಿ ಗಾಲಿಯ ಬದಿಯ ಹೊರಕೀಲು ಇದೇ ವಂಶದ್ದು.

ಕೀಲು ಸಿದ್ಧವಾಯಿತು, ಅದಕ್ಕೆ ತಕ್ಕ ಹೊದಿಕೆ ಇನ್ನೂ ಇರಲಿಲ್ಲ. ಆರಂಭದ ಕಾರುಗಳಲ್ಲಿ ಕೀಲುಗಳಿಗೆ ಚರ್ಮದ ಚೀಲ ಕಟ್ಟಿ ಗ್ರೀಸ್ ತುಂಬುವ ರೂಢಿಯಿತ್ತು. ಚರ್ಮ ನೆನೆದು ಒಣಗಿ ಬಿರುಸಾಗುತ್ತಿತ್ತು, ಹೊಲಿಗೆ ಬಿಡುತ್ತಿತ್ತು. ಇನ್ನೊಂದು ದಾರಿ ಎರಡನೆಯ ಮಹಾಯುದ್ಧದ ಜೀಪಿನದು: ಕೀಲನ್ನು ಉಕ್ಕಿನ ಟೊಳ್ಳು ಗೋಳದೊಳಗಿಟ್ಟು ಅಂಚಿಗೆ ಫೆಲ್ಟ್ ಪಟ್ಟಿ ಕೊಡುವುದು. ಸೈನ್ಯದ ಗಾಡಿಗೆ ಅದು ಒಪ್ಪುತ್ತಿತ್ತು, ಹಗುರವಾದ ಅಗ್ಗದ ಕಾರಿಗೆ ಭಾರವಾಗುತ್ತಿತ್ತು.

ಗಂಧಕ ಸೇರಿಸಿ ರಬ್ಬರನ್ನು ಕಾಯಿಸಿ ಗಟ್ಟಿಗೊಳಿಸುವ ವಿದ್ಯೆ 1839ರಲ್ಲೇ ಚಾರ್ಲ್ಸ್ ಗುಡ್‌ಇಯರ್‌ಗೆ ಸಿದ್ಧಿಸಿತ್ತು. ಆದರೆ ಮರದ ಹಾಲಿನ ರಬ್ಬರ್ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಎಳೆದ ಮಡಿಕೆಗಳಲ್ಲಿ ಗಾಳಿಯ ಓಜೋನ್ ಬಿರುಕು ಮೂಡಿಸುತ್ತದೆ. ಈ ಎರಡಕ್ಕೂ ಸಾಕಷ್ಟು ತಡೆಯೊಡ್ಡಿದ್ದು ಡ್ಯುಪಾಂಟ್ ಪ್ರಯೋಗಾಲಯದಲ್ಲಿ 1930ರಲ್ಲಿ ಹುಟ್ಟಿದ, ಮುಂದೆ ನಿಯೋಪ್ರೀನ್ ಎಂದು ಹೆಸರಾದ ಕೃತಕ ರಬ್ಬರ್. ಬೂಟಿನ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ.

1959ರಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸದ ಮಿನಿ ಕಾರು ಬ್ರಿಟನ್ನಿನಲ್ಲಿ ಬಂತು. ಎಂಜಿನ್ ಅಡ್ಡಲಾಗಿ, ಗಾಲಿ ಕೇವಲ 10 ಇಂಚು, ಹೊರತುದಿಯಲ್ಲಿ ರೆಪ್ಪಾ ಮಾದರಿಯ ಕೀಲು, ಅದರ ಮೇಲೆ ರಬ್ಬರ್ ಬೂಟ್. ಮಿನಿ 50 ಲಕ್ಷಕ್ಕೂ ಹೆಚ್ಚು ತಯಾರಾಯಿತು. ಹರಿದ ಬೂಟ್ ಬದಲಿಸುವುದು ಊರೂರಿನ ಗ್ಯಾರೇಜಿನ ನಿತ್ಯದ ಕೆಲಸವಾಯಿತು.

ಬೂಟ್ ಮೊದಲು ಸೀಳುವುದು ಮಡಿಕೆಯ ತಳದಲ್ಲಿ, ಅದೂ ಹೆಚ್ಚು ಬಾಗುವ ಹೊರಕೀಲಿನ ಕಡೆ. ಗಾಲಿಯ ಒಳಮೈಗೆ ಗ್ರೀಸ್ ಸಿಡಿದಿರುವುದೇ ಮೊದಲ ಗುರುತು. ಅದನ್ನು ಕಡೆಗಣಿಸಿದರೆ ಒಳಹೊಕ್ಕ ಮರಳು ಗುಂಡುಗಳನ್ನೂ ಅವುಗಳ ಓಣಿಗಳನ್ನೂ ತೇಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಸದ್ದು ಬಂದರೆ ಕೀಲೇ ಸವೆದಿದೆಯೆಂದು ಅರ್ಥ, ಆಗ ಹೊಸ ಬೂಟ್ ಹಾಕಿಯೂ ಫಲವಿಲ್ಲ.

ಬೂಟ್ ಬದಲಿಸುವ ಸರಿಯಾದ ಕ್ರಮ ದೀರ್ಘವಾದದ್ದು. ಹಬ್ ನಟ್ ಬಿಚ್ಚಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ ಶಾಫ್ಟ್ ಹೊರತೆಗೆಯಬೇಕು. ಕ್ಲಿಪ್ ಕತ್ತರಿಸಿ, ಲಾಕ್ ಬಿಡಿಸಿ, ಕೀಲನ್ನು ಕಳಚಿ, ಹಳೆಯ ಗ್ರೀಸ್ ತೊಳೆದು, ಗುಂಡು ಗುಂಡನ್ನೂ ನೋಡಬೇಕು. ಆಮೇಲೆ ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸ್ ತುಂಬಿ ಹೊಸ ಬೂಟ್, ಹೊಸ ಕ್ಲಿಪ್ ಬಿಗಿಯಬೇಕು. ಈ ಶ್ರಮ ತಪ್ಪಿಸಲೆಂದೇ ಉದ್ದಕ್ಕೆ ಸೀಳಿರುವ, ಶಾಫ್ಟ್ ಮೇಲೆಯೇ ಅಂಟಿಸುವಂಥ ಬೂಟುಗಳು ಬಂದವು. ಆದರೆ ಅಂಚಿಗೆ ಗ್ರೀಸಿನ ಪಸೆ ತಾಗಿದ್ದರೂ ಸಾಕು, ಅಂಟು ಬಿಡುತ್ತದೆ. ಶಂಕುವಿನ ಮೇಲೆ ಹಿಗ್ಗಿಸಿ ಕೀಲಿನ ಮೇಲಿಂದಲೇ ತೂರಿಸುವ ಬೂಟು ಅದಕ್ಕಿಂತ ಮೇಲು. ಟ್ಯೂಬಿಗೆ ಹಚ್ಚುವಂತೆ ಪ್ಯಾಚ್ ಹಚ್ಚುವುದಂತೂ ನಿಲ್ಲದು, ಪ್ರತಿ ಸುತ್ತಿಗೂ ಮಡಿಕೆ ಬಿಚ್ಚಿ ಮುಚ್ಚುತ್ತಿರುತ್ತದೆ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಎರಡೂ ಹಿಂಗಾಲಿಯ ಕಾರುಗಳು, ಅವುಗಳ ಡ್ರೈವಿಗೆ ಈ ಬೂಟಿನ ಪ್ರಶ್ನೆಯೇ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಗುರಗಾಂವ್‌ನಿಂದ ಹೊರಟ ಮಾರುತಿ 800 ಮುಂಗಾಲಿಯ ಕಾರನ್ನು ದೇಶದ ಮನೆಮನೆಗೆ ತಂದಿತು. ಕರ್ನಾಟಕದ ಮೆಕ್ಯಾನಿಕ್‌ಗಳೂ ಈ ಕೆಲಸಕ್ಕೆ ಒಗ್ಗಿದರು. ಮುಂದಿನ ವರ್ಷಗಳಲ್ಲಿ ಹೊರಕೀಲಿಗೆ ರಬ್ಬರಿನ ಬದಲು ಪಾಲಿಯೆಸ್ಟರ್ ಜಾತಿಯ ಗಟ್ಟಿ ಪ್ಲಾಸ್ಟಿಕ್ ಬೂಟುಗಳು ಬಂದು ಆಯುಷ್ಯ ಹೆಚ್ಚಿತು. ಕೂಲಿ ದುಬಾರಿಯಾದ ದೇಶಗಳಲ್ಲಿ ಬೂಟ್ ಹರಿದರೆ ಇಡೀ ಶಾಫ್ಟನ್ನೇ ಬದಲಿಸುವುದುಂಟು. ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ಬೂಟ್, ಗ್ರೀಸ್ ಪೊಟ್ಟಣ, ಎರಡು ಕ್ಲಿಪ್ ಸೇರಿದ ಕಿಟ್ ಈಗಲೂ ಸಿಗುತ್ತದೆ.