ಚನ್ನಪಟ್ಟಣದ ಗೊಂಬೆ ಮತ್ತು ಅದನ್ನು ಮಾಡಿದ ಕೈ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಮಗು ಹುಟ್ಟಿದ ಮನೆಗೆ ಮರದ ಗಿಲಕಿ ಒಯ್ಯುವವರು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಮಗು ಕಂಡದ್ದನ್ನೆಲ್ಲ ಬಾಯಿಗಿಡುತ್ತದೆ, ಪ್ಲಾಸ್ಟಿಕ್ ಬೇಡ, ಬಣ್ಣದಲ್ಲಿ ವಿಷವಿರಬಾರದು ಎಂಬ ಎಚ್ಚರ ತಂದೆತಾಯಿಯರಲ್ಲಿ ಮೂಡಿದೆ. ಇದು ಒಳ್ಳೆಯದೇ. ಆದರೆ ಪರಿಸರಸ್ನೇಹಿ ಎಂಬ ಚೀಟಿ ಅಂಟಿಸಿಕೊಂಡು ಬರುವ ಆ ಗಿಲಕಿ ಹೊಸ ಕಾಲದ ಶೋಧವೇನಲ್ಲ. ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು ಅರುವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಅದಕ್ಕೆ ಎರಡು ಶತಮಾನಗಳಿಗೂ ಮೀರಿದ ಚರಿತ್ರೆ ಇದೆಯೆಂದು ಹೇಳಲಾಗುತ್ತದೆ. ಆ ಚರಿತ್ರೆಯಲ್ಲಿ ಗೊಂಬೆಗೆ ಸಿಕ್ಕ ಮನ್ನಣೆ ಅದನ್ನು ಮಾಡಿದವರಿಗೆ ಸಿಕ್ಕಿದೆಯೇ?

ಟಿಪ್ಪು ಸುಲ್ತಾನ್ ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ಕಸುಬು ಕಲಿಸಿದನೆಂಬುದು ಚನ್ನಪಟ್ಟಣದಲ್ಲಿ ಮನೆಮಾತು. ಶಾಲಾಪುಸ್ತಕ, ಪ್ರವಾಸಿ ಕೈಪಿಡಿಗಳೆಲ್ಲ ಇದನ್ನೇ ಹೇಳಿ ಮುಗಿಸುತ್ತವೆ. ಲಿಖಿತ ದಾಖಲೆಯತ್ತ ತಿರುಗಿದರೆ, ಬಿ.ಎಲ್. ರೈಸ್ 1897ರಲ್ಲಿ ಹೊರತಂದ ಮೈಸೂರು ಗೆಜೆಟಿಯರಿನ ಪರಿಷ್ಕೃತ ಆವೃತ್ತಿ ಚನ್ನಪಟ್ಟಣದ ಶುಕ್ರವಾರಪೇಟೆಯನ್ನು ವರ್ಣಿಸುತ್ತದೆ. ಅರಗಿನ ಸಾಮಾನು ಮತ್ತು ಆಟಿಕೆಗಳು, ವಾದ್ಯಗಳ ತಂತಿಗೆ ಬೇಕಾದ ನವಿರಾದ ಉಕ್ಕಿನ ಎಳೆ, ಗಾಜಿನ ಬಳೆ, ಈ ಮೂರಕ್ಕೂ ಆ ಪೇಟೆ ಹೆಸರಾಗಿತ್ತು. ಪಶ್ಚಿಮ ಕರಾವಳಿಯೊಂದಿಗೆ ವ್ಯಾಪಾರ ಮಾಡುತ್ತಿದ್ದ ಲಬ್ಬೆ ಮತ್ತು ದಾಯಿರೆ ಮುಸ್ಲಿಮರು, ಟಿಪ್ಪುವಿನ ಧರ್ಮಗುರು ಅಖಿಲ್ ಶಾ ಖಾದ್ರಿಯವರ ಗೋರಿ, ಇವೂ ಅದೇ ಪುಟದಲ್ಲಿ ಬರುತ್ತವೆ. ಮುತ್ತೈದೆಯ ಬಳೆ, ಸಂಗೀತಗಾರನ ತಂತಿ, ಮಗುವಿನ ಆಟಿಕೆ ಒಂದೇ ಪೇಟೆಯಿಂದ ಹೊರಡುತ್ತಿದ್ದವು. ಆ ತಂತಿ ಮತ್ತು ಬಳೆಯ ಖ್ಯಾತಿ ಇಂದು ಯಾರ ನೆನಪಿನಲ್ಲೂ ಇಲ್ಲ. ಆಟಿಕೆ ಮಾತ್ರ ಉಳಿಯಿತು.

ಅದು ಹೇಗೆ ಉಳಿಯಿತೆಂದು ತಿಳಿಯಲು ಅದರ ತಯಾರಿಕೆಯನ್ನು ನೋಡಬೇಕು. ಬಳಸುವುದು ಆಲೆ ಮರ, ಅಂದರೆ ಹಾಲೆ ಮರ. ಕಡಿದರೆ ಹಾಲು ಸೋರುವ, ಬಿಳಿಯ, ಮೆದುವಾದ ಮರ. ತೊಗಟೆ ತೆಗೆದು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ತಿರುಗುವ ಲೇತಿಗೆ ಸಿಕ್ಕಿಸಿ ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೇ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬ್ರಷ್ಷೂ ಬೇಡ, ಒಲೆಯೂ ಬೇಡ. ಅರಗು ಕೀಟವೊಂದು ಮರದ ಕೊಂಬೆಯ ಮೇಲೆ ಸ್ರವಿಸುವ ಅಂಟು. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ ಎಂಬಂಥ ಸಸ್ಯದ ಬಣ್ಣಗಳ ಬಳಕೆಯೂ ಇದೆ.

ಇಲ್ಲಿ ಆಕಾರವನ್ನು ಮೊದಲು ತೀರ್ಮಾನಿಸುವುದು ಲೇತು. ಅದು ಕೊಡುವುದು ದುಂಡನೆಯ ವಸ್ತುಗಳನ್ನು. ಬುಗುರಿ, ಗಿಲಕಿ, ಒಂದರ ಮೇಲೊಂದು ಪೇರಿಸುವ ಬಳೆ, ಎಣಿಸುವ ಮಣಿ, ಕತ್ತು ಆಡಿಸುವ ಗಂಡು ಹೆಣ್ಣಿನ ಜೋಡಿಗೊಂಬೆ. ಚೂಪಾದ ಅಂಚಿಲ್ಲ, ಕೂಸಿನ ಮುಷ್ಟಿಗೆ ಹಿಡಿತ ಸಿಗುತ್ತದೆ, ಬ್ಯಾಟರಿ ಮುಗಿಯುವ ಭಯವಿಲ್ಲ. ಅದನ್ನು ರೈಲಾಗಿಸುವುದೂ ಮನೆಯಾಗಿಸುವುದೂ ಮಗುವಿನ ಕಲ್ಪನೆಗೆ ಬಿಟ್ಟದ್ದು. ವಿನ್ಯಾಸ ತಜ್ಞರು ಇಂದು ಒಳ್ಳೆಯ ಆಟಿಕೆಗೆ ಹೇಳುವ ಲಕ್ಷಣಗಳು ಈ ಕಸುಬಿನ ಒಳಗೇ ಇದ್ದವು.

ಮುಸ್ಲಿಮ್ ಕುಶಲಕರ್ಮಿಗಳು ಗೊಂಬೆ ಮಾಡುವುದುಂಟೇ ಎಂದು ಹುಬ್ಬೇರಿಸುವವರಿದ್ದಾರೆ. ಹಝ್ರತ್ ಆಯಿಶಾ(ರ) ಬಾಲ್ಯದಲ್ಲಿ ಗೊಂಬೆಗಳೊಂದಿಗೆ ಆಡುತ್ತಿದ್ದುದನ್ನೂ ಅವರ ರೆಕ್ಕೆಯ ಕುದುರೆಯ ಆಟಿಕೆಯನ್ನು ಕಂಡು ಪ್ರವಾದಿ(ಸ) ನಕ್ಕಿದ್ದನ್ನೂ ಹದೀಸ್ ಗ್ರಂಥಗಳು ದಾಖಲಿಸಿವೆ. ಮಕ್ಕಳ ಆಟಿಕೆಗೆ ವಿನಾಯಿತಿ ನೀಡಿದ ವಿದ್ವಾಂಸರು ಇದನ್ನೇ ಆಧಾರವಾಗಿಸಿಕೊಂಡರು. ಹೀಗೆ ಮುಸ್ಲಿಮ್ ಮನೆಯೊಂದರಲ್ಲಿ ಕಡೆದ ಗೊಂಬೆ ಹಳೆ ಮೈಸೂರಿನ ದಸರಾ ಬೊಂಬೆ ಮೆಟ್ಟಿಲಿನ ಮೇಲೆ ಕುಳಿತರೆ ಯಾರಿಗೂ ಅಚ್ಚರಿಯಾಗುತ್ತಿರಲಿಲ್ಲ. ಈ ಕಸುಬಿನಲ್ಲಿ ಹಿಂದೂ ಕುಟುಂಬಗಳೂ ಇವೆ. ಎರಡೂ ಸಮುದಾಯಗಳ ಹೆಣ್ಣುಮಕ್ಕಳ ದುಡಿಮೆಯೂ ಇದೆ.

ಸಂಪ್ರದಾಯವೆಂದರೆ ಬದಲಾಗದೆ ನಿಂತದ್ದು ಎಂಬ ಕಲ್ಪನೆಯನ್ನು ಚನ್ನಪಟ್ಟಣ ಸುಳ್ಳಾಗಿಸಿದೆ. ಈ ಆಟಿಕೆಗಳ ಪಿತಾಮಹರೆಂದು ಊರು ಗೌರವಿಸುವ ಬಾವಾಸ್ ಮಿಯಾನ್ ಜಪಾನಿನ ತಂತ್ರಗಳನ್ನು ಇಲ್ಲಿಗೆ ಅಳವಡಿಸಿ ಸ್ಥಳೀಯರಿಗೆ ಕಲಿಸಿದರು. ಮುಂದೆ ವಿದ್ಯುತ್ ಲೇತು ಬಂತು. ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮ ಇಲ್ಲಿ ಅರಗಿನ ಕುಶಲಕಲೆಯ ಕೇಂದ್ರ ತೆರೆಯಿತು. 2005-06ರಲ್ಲಿ ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಲಿಯಲು ಪರ್ಶಿಯಾ ಎನ್ನದೆ, ಜಪಾನ್ ಎನ್ನದೆ ಕೈಚಾಚಿದ್ದರಿಂದಲೇ ಈ ಕಲೆ ಬದುಕಿತು.

ಪೆಟ್ಟು ಬಿದ್ದದ್ದು ಮಾರುಕಟ್ಟೆಯಿಂದ. 2001ರ ಏಪ್ರಿಲ್‌ನಲ್ಲಿ ಆಮದಿನ ಪ್ರಮಾಣದ ಮೇಲೆ ಉಳಿದಿದ್ದ ನಿರ್ಬಂಧಗಳನ್ನು ಭಾರತ ತೆಗೆದುಹಾಕಿತು. ಅಗ್ಗದ ಚೀನೀ ಪ್ಲಾಸ್ಟಿಕ್ ಆಟಿಕೆ ಊರೂರಿನ ಜಾತ್ರೆಯನ್ನೂ ತುಂಬಿತು. 2007ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಬಣ್ಣದಲ್ಲಿ ಸೀಸ ಇದ್ದುದರಿಂದ ಚೀನಾದಲ್ಲಿ ಮಾಡಿಸಿದ್ದ ಆಟಿಕೆಗಳನ್ನು ಹಿಂದಕ್ಕೆ ಕರೆಸಿಕೊಂಡಾಗ ಜಗತ್ತಿನ ತಂದೆತಾಯಿಯರು ಬೆಚ್ಚಿದರು. 2009ರ ಜನವರಿಯಲ್ಲಿ ಭಾರತವೂ ಆರು ತಿಂಗಳ ಮಟ್ಟಿಗೆ ಚೀನೀ ಆಟಿಕೆಗಳ ಆಮದನ್ನು ನಿಷೇಧಿಸಿ, ಎರಡು ತಿಂಗಳೊಳಗೆ ಅದನ್ನು ಸಡಿಲಿಸಿತು. 2020ರ ಆಗಸ್ಟ್ 30ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರೆತ್ತಿದರು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂದಾಗ ನೋಂದಾಯಿತ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು.

ಇಷ್ಟೆಲ್ಲ ಹೊಗಳಿಕೆಯ ನಡುವೆ ಕಡೆಯುವವನ ಮನೆಯ ಸ್ಥಿತಿ ಏನು? 2006ರ ವರದಿಗಳಂತೆ 254 ಮನೆ ಘಟಕಗಳಲ್ಲೂ 50 ಸಣ್ಣ ಕಾರ್ಖಾನೆಗಳಲ್ಲೂ ಆರು ಸಾವಿರಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದರು. ತುಂಡಿಗೆ ಇಷ್ಟು ಎಂದು ಕೂಲಿ ಪಡೆಯುವವನಿಗೆ ನಗರದ ಅಂಗಡಿಯ ಬೆಲೆಯಲ್ಲಿ ಸಲ್ಲುವ ಪಾಲು ಅಲ್ಪ. ಮರದ ಹೊಟ್ಟನ್ನು ದಿನವಿಡೀ ಉಸಿರಾಡುವವನೂ ಅವನೇ. ಬಿಡದಿಯಲ್ಲಿ 1999ರ ಕೊನೆಯಲ್ಲಿ ಟೊಯೋಟಾ ಕಾರು ತಯಾರಿಕೆ ಆರಂಭವಾಯಿತು. ಪೀಣ್ಯದ ಯಂತ್ರಾಗಾರಗಳಂತೂ ಅದಕ್ಕಿಂತ ಹಳೆಯವು. ತಿಂಗಳ ಸಂಬಳ ಅಲ್ಲಿರುವಾಗ ಉಳಿ ಹಿಡಿಯಲು ಮಗ ಬರಬೇಕೆಂದು ಯಾವ ತಂದೆ ಹೇಳಿಯಾನು? 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬದಿಗೆ ಬಿಟ್ಟು ಓಡುತ್ತದೆ. ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳು ದಾರಿಹೋಕರಾದ ಗಿರಾಕಿಗಳನ್ನು ಕಳೆದುಕೊಂಡವು.

ಸುಸ್ಥಿರ ಎಂಬ ಮಾತಿಗೆ ಇಲ್ಲಿಯೇ ಪರೀಕ್ಷೆ. ಮಗುವಿನ ಬಾಯಿಗೆ ನಿರಪಾಯವಾದ ಆಟಿಕೆ, ಅದನ್ನು ಮಾಡಿದವನ ಎದೆಗೂಡಿಗೂ ಹೊಟ್ಟೆಗೂ ನಿರಪಾಯವಾಗಿರಬೇಕು. ಆಲೆ ಮರ ಕಡಿಯುವಷ್ಟೇ ನೆಡುವ ಏರ್ಪಾಡಾಗದಿದ್ದರೆ ಮರದ ಗೊಂಬೆಯನ್ನೂ ಪರಿಸರಸ್ನೇಹಿ ಎನ್ನಲಾಗದು. ಭೌಗೋಳಿಕ ಸೂಚಕ ಊರಿನ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಕಾಯುವುದಿಲ್ಲ. ಆ ಕೆಲಸಕ್ಕೆ ಕುಶಲಕರ್ಮಿಗಳ ಸಹಕಾರ ಸಂಘಗಳು, ಹೊಟ್ಟು ಹೀರುವ ಯಂತ್ರ, ನೇರ ಮಾರಾಟ ಬೇಕು. ಕೊಳ್ಳುವವರಿಂದಲೂ ಆಗಬೇಕಾದದ್ದಿದೆ. ಮೈಸೂರಿಗೆ ಹೊರಟ ಬೆಂಗಳೂರಿಗರು ಹೆದ್ದಾರಿಯಿಂದ ಇಳಿದು ಹತ್ತು ನಿಮಿಷ ಹಳೆಯ ರಸ್ತೆಗೆ ಹೋಗಲಿ. ಗೊಂಬೆಯ ಬೆಲೆ ಕೇಳುವ ಮೊದಲು ಇದನ್ನು ಕಡೆದವರು ಯಾರು, ಅವರಿಗೆ ಎಷ್ಟು ಸಿಕ್ಕಿತು ಎಂದು ಕೇಳಲಿ. ಹತ್ತು ಮಂದಿ ಕೇಳಿದರೆ ಅಂಗಡಿಯವನು ಉತ್ತರ ಸಿದ್ಧವಾಗಿಟ್ಟುಕೊಳ್ಳಲೇಬೇಕಾಗುತ್ತದೆ.